ಮೈಲಾರಪ್ಪನಿಗೆ ಬರೆದ ಎರಡು ಕಾಗದ

ಈ ಟವೆಲ್ಲಿಗೆ ನೂರಾ ನಲವತ್ತು ರೂಪಾಯಿ ಕೊಟ್ಟೆ. ಕೊಟ್ಟೂರಿನ ಬಜಾರಿನಲ್ಲಿ ನೂರಕ್ಕೆ ಸಿಗುವ ಮಾಲು. ನಾನು ಚೌಕಾಸಿ ಮಾಡದೆ ದುಡ್ಡು ಎಣಿಸಿದ್ದನ್ನು ಕಂಡು ಅಂಗಡಿಯವನಿಗೇ ಗಾಬರಿಯಾಯಿತು. "ಯಾಕ್ರಿ ಯಜಮಾನ್ರ, ಮೈಯಾಗ ಆರಾಮಿಲ್ಲೇನು?" ಎಂದ. ಆರಾಮಾಗಿಯೇ ಇದ್ದೆ. ಮಡಿಕೆ ಬಿಚ್ಚಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ನನ್ನ ಹಳೆಯ ಟವೆಲ್ಲೂ ಅದನ್ನು ಬಿಟ್ಟುಬಂದ ಹೊಲವೂ ಒಟ್ಟಿಗೆ ನೆನಪಾಗಿ ಚೌಕಾಸಿ ಮರೆತೆ, ಅಷ್ಟೆ. ನಾಳೆ ಶಾಲೆಯಲ್ಲಿ ಪಾಠ ಇದೆ, ಪಾಠಕ್ಕೆ ಟವೆಲ್ಲು ಬೇಕೇ ಬೇಕು. ಪತ್ರ ಬರೆಯುವ ಪಾಠಕ್ಕೂ ಟವೆಲ್ಲಿಗೂ ಏನು ಸಂಬಂಧ ಎನ್ನುತ್ತೀರಾ? ಕೂತುಕೊಳ್ಳಿ, ಹೇಳುತ್ತೇನೆ.

ನಾನು ಓದಿದ್ದು ಏಳನೆಯ ತರಗತಿ. ಆಮೇಲಿನ ಓದೆಲ್ಲ ಕುರಿ ಸಂತೆಯಲ್ಲಿ. ಸೋದರಮಾವ ದಲ್ಲಾಳಿ, ನಾನು ಅವನ ಬೆನ್ನಿಗೆ. ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ಲು ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಬೆರಳಿನ ಜೊತೆ ಮಾತಾಡುತ್ತದೆ. ಸುತ್ತ ನಿಂತ ಹತ್ತು ಜನಕ್ಕೆ ಕಾಣುವುದು ಬಟ್ಟೆ ಮಾತ್ರ. ಒಬ್ಬ ಎಷ್ಟಕ್ಕೆ ಇಳಿದ, ಇನ್ನೊಬ್ಬ ಎಷ್ಟಕ್ಕೆ ಏರಿದ ಎನ್ನುವುದು ಅವರಿಬ್ಬರ ಅಂಗೈಗೆ ಬಿಟ್ಟರೆ ದೇವರಿಗೆ ಗೊತ್ತು. ಮಾವ ಹೇಳುತ್ತಿದ್ದ: "ಲೇ, ಬೆಲಿ ಮುಗಿಸೋ ಕೊನೀ ಬೆರಳು ನೀ ಮಡಚಬ್ಯಾಡ. ಅದನ್ನ ಅವಗ ಬಿಡು. ನಾನ ಮಡಚಿ ಬಂದೆ ಅಂತ ಮನಿಗೆ ಹೋಗಿ ಹೇಳ್ಕೊಳ್ಳಿ."

ಈ ವಿದ್ಯೆಯಿಂದಲೇ ಮುಂದೆ ಬಂದೆ. ಕೂಡ್ಲಿಗಿಯಲ್ಲಿ ಅಂಗಡಿ ಇಟ್ಟೆ. ಮೊದಲು ಒಂದು ಹಳೆಯ ಟೈಪ್‌ರೈಟರು, ಆಮೇಲೆ ಝೆರಾಕ್ಸು, ಈಗ ಕಂಪ್ಯೂಟರು. ಮೂವತ್ತು ವರ್ಷ ಮಂದಿಯ ಅರ್ಜಿ ಬರೆದಿದ್ದೇನೆ. ಪಿಂಚಣಿ, ಪಹಣಿ, ಬೋರ್‌ವೆಲ್ಲು, ಏನೇ ಇರಲಿ, "ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರು ಮಾಡದೆ ನನ್ನ ಕೈ ಮುಂದಕ್ಕೇ ಹೋಗುತ್ತಿರಲಿಲ್ಲ. ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗ ನಾನು ಬರೆದ ಕಾಗದದಲ್ಲೂ "ವಿಷಯ: ಮರಳಿ ಬರುವ ಕುರಿತು" ಎಂದೇ ಇತ್ತು. ಅವಳು ಬಂದಳು, ಬಾಗಿಲಲ್ಲೇ ನಿಂತು "ಸಹಿ ಎಲ್ಲಿ ಹಾಕ್ಲಿ?" ಎಂದಳು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ನಾಲ್ಕು ವರ್ಷದ ಹಿಂದೆ ನಮ್ಮ ಕಡೆಯ ಒಂದು ಹಳ್ಳಿ ಹೈಸ್ಕೂಲಿನ ಕನ್ನಡ ಮೇಡಮ್ಮು ಪ್ರಶ್ನೆಪತ್ರಿಕೆ ಝೆರಾಕ್ಸಿಗೆ ಬಂದವರು ನಿಂತೇ ಮಾತಿಗೆ ಶುರು ಮಾಡಿದರು. "ನಮ್ಮ ಹುಡುಗ್ರು ಅಜ್ಜಿಗೂ ರಜಾ ಅರ್ಜಿ ಬರದಂಗ ಬರೀತಾರ್ರಿ. ಯಾರ ಬಾಯಾಗಿನ ಮಾತು, ಯಾರ ಕಿವಿಗೆ ಹೋಗೋದು ಅನ್ನೋದ ಗೊತ್ತಿಲ್ಲ. ನೀವು ದಿನಾ ಮಂದಿ ಪರವಾಗಿ ಬರಿಯೋರು, ಒಂದ್ಸಲ ಬಂದು ಹೇಳಿಕೊಡ್ರಿ." ನನಗೆ ಏನು ಕೊಡ್ತೀರಿ ಎಂದೆ. ಒಂದು ಚಾ ಎಂದರು. ಎಳೆದಾಡಿ ಎರಡು ಚಾ, ಒಂದು ಪ್ಲೇಟು ಮಂಡಕ್ಕಿ ಮಿರ್ಚಿಗೆ ತಂದು ನಿಲ್ಲಿಸಿದೆ.

ಹತ್ತನೆಯ ತರಗತಿ. ಇಬ್ಬರನ್ನು ಎಬ್ಬಿಸಿ ನಿಲ್ಲಿಸಿ, ಕೈಗೆ ಕೈ ಕೊಡಿಸಿ, ನನ್ನ ಹಳೆಯ ಟವೆಲ್ಲು ಹೊದಿಸಿದೆ. ಮಾರಾಟಕ್ಕಿರುವುದು ಒಂದು ಕುಂಟು ಕುರಿ. "ಮಾರೋನಾಗಿ ಒಂದು ಪುಟ ಬರೀರಿ, ಕೊಳ್ಳೋನಾಗಿ ಒಂದು ಪುಟ, ಕುರಿಯಾಗಿ ಒಂದು ಪುಟ. ಎದುರಿಗಿರೋನ ಕೈ ಹಿಡಕೊಂಡು ಬರೀರಿ" ಎಂದೆ. ಮಾರುವವನ ಪುಟದಲ್ಲಿ ಕುರಿ ಕುಂಟುತ್ತಿರಲಿಲ್ಲ, "ನಿಧಾನಸ್ಥ" ಆಗಿತ್ತು. ಕೊಳ್ಳುವವನ ಪುಟದಲ್ಲಿ ಅದು ನಾಳೆಯೇ ಸಾಯುವಂತಿತ್ತು. ನಗು ನಡೆದಿರುವಾಗ ಹಿಂದಿನ ಬೆಂಚಿನಿಂದ ಕೊಟ್ರಮ್ಮ ಎಂಬ ಹುಡುಗಿ ಎದ್ದು ಕುರಿಯ ಪುಟ ಓದಿದಳು. "ನಾನು ಕುಂಟ್ತೀನಿ ಅಂತ ಇಬ್ರೂ ನೋಡಿದ್ರು. ಯಾವ ಕಾಲು ನೋಯ್ತೈತಿ ಅಂತ ಒಬ್ರೂ ಕೇಳ್ಲಿಲ್ಲ."

ಕೊಟ್ರಮ್ಮ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದವಳು. ಅಪ್ಪ ಮೈಲಾರಪ್ಪ ತನ್ನ ಇಬ್ಬರು ತಮ್ಮಂದಿರ ಜೊತೆ ಕುರಿ ಹೊಡೆದುಕೊಂಡು ಸುಗ್ಗಿಯ ನಂತರ ಹಡಗಲಿ ಕಡೆ ಹೊಳೆದಂಡೆಯ ಎರೆಹೊಲಗಳಿಗೆ ಹೋಗುತ್ತಾನೆ. ಹೊಲದವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಂಡು ಕಾಳು ಕೊಡುತ್ತಾರೆ. ಅವ್ವ ಬಿಡಾರದಲ್ಲಿ ಅಡಿಗೆ ಮಾಡುತ್ತಾಳೆ. ಆ ವರ್ಷ ಅವ್ವನ ಮೊಣಕಾಲು ಹಿಡಿದುಕೊಂಡಿತ್ತು. ಸಂಕ್ರಾಂತಿ ಆದ ಮೇಲೆ ಶಾಲೆ ಬಿಟ್ಟು ಬಿಡಾರಕ್ಕೆ ಬಾ ಎಂದು ಅಪ್ಪ ಮಗಳಿಗೆ ಹೇಳಿಕಳಿಸಿದ್ದ. ಪರೀಕ್ಷೆ ಇನ್ನೇನು ಮೂರು ತಿಂಗಳು. ಮೇಡಮ್ಮು ಫೋನು ಮಾಡಿದರೆ "ಹೂನ್ರಿ, ನೋಡೋಣ್ರಿ" ಎಂದು ಇಟ್ಟುಬಿಡುತ್ತಿದ್ದ. ಹೋದರೆ ಹುಡುಗಿ ಮರಳುವುದಿಲ್ಲ ಎಂಬುದು ಮೇಡಮ್ಮಿಗೂ ಗೊತ್ತು, ಹುಡುಗಿಗೂ ಗೊತ್ತು.

ನಾನು ಮೀಸೆ ತಿರುವಿದೆ. "ಫೋನಿಗೆ ತೂಕ ಇಲ್ಲರಿ ಮೇಡಂ, ಕಾಗದ ಹೋಗ್ಲಿ" ಎಂದೆ. ನಾನೇ ಟೈಪು ಮಾಡಿದೆ. ವಿಷಯ, ಉಲ್ಲೇಖ, ಎಲ್ಲ ಇತ್ತು. "ಸದರಿ ವಿದ್ಯಾರ್ಥಿನಿಯನ್ನು ಪರೀಕ್ಷೆಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರು" ಎಂದು ಮುಗಿಸಿದೆ. ಆ ಕೊನೆಯ ಸಾಲನ್ನು ಸಿಟ್ಟಿನಿಂದ ಬರೆದದ್ದಲ್ಲ, ರೂಢಿಯಿಂದ ಬರೆದದ್ದು. ಶಾಲೆಯ ಗುಂಡು ಸೀಲು ಬಿತ್ತು. ಮೈಲಾರಪ್ಪ ಕುರಿ ನಿಲ್ಲಿಸಿದ್ದ ಹೊಲದ ಯಜಮಾನರ ಮೇಲ್ವಿಳಾಸ ಹಾಕಿ ಹಡಗಲಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ.

ಮೈಲಾರಪ್ಪನಿಗೆ ಓದು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದ ಮೇಲೆ, ಓದುವವರು ಯಾರು, ಓದುವಾಗ ಪಕ್ಕದಲ್ಲಿ ನಿಲ್ಲುವವರು ಯಾರು ಎಂದು ಯೋಚಿಸಬೇಕಿತ್ತೋ ಇಲ್ಲವೋ ಹೇಳಿ. ಹೊಲದವರ ಮಗ ಬೇವಿನ ಮರದ ಕೆಳಗೆ ಎಲ್ಲರೆದುರು ಗಟ್ಟಿಯಾಗಿ ಓದಿದನಂತೆ. ಸೀಲು, "ಪರಿಣಾಮ", "ಹೊಣೆಗಾರರು" ಇಷ್ಟೇ ಯಜಮಾನರ ಕಿವಿಗೆ ಬಿದ್ದದ್ದು. "ಇವತ್ತು ಸೀಲಿನ ಕಾಗದ ಬಂತು, ನಾಳಿಗೆ ಜೀಪು ಬರ್ತೈತಿ. ನಮ್ಮ ಹೊಲದಾಗ ಬ್ಯಾಡಪ್ಪ, ಕುರಿ ಎಬ್ಬಿಸು" ಎಂದರಂತೆ. ಇನ್ನೂ ಹತ್ತು ದಿನ ನಿಲ್ಲಬೇಕಿದ್ದ ಮಂದೆ ಮಧ್ಯಾಹ್ನವೇ ಎದ್ದು ಹರಪನಹಳ್ಳಿ ಗಡಿಯತ್ತ ನಡೆಯಿತು. ಮೈಲಾರಪ್ಪ ಮಗಳಿಗೆ ಫೋನು ಮಾಡಿದ. "ನಿಮ್ಮ ಸಾಲಿಯೋರು ನಾಕು ಮಂದಿ ಮುಂದ ನನ್ನ ಕಳ್ಳನ್ನ ಮಾಡಿದ್ರು. ಓದಿದ್ದು ಸಾಕು. ಹಬ್ಬದ ಮಾರನೇ ದಿನ ಬಸ್ ಹತ್ತು."

ಮರುದಿನ ಕೊಟ್ರಮ್ಮ ನನ್ನ ಅಂಗಡಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಉತ್ತರ ಹೇಳುತ್ತಿದ್ದೆ, ಬಾಯಿ ನನಗೂ ಇದೆ. "ಸರ, ಎದುರಿಗಿರೋನ ಕೈ ಹಿಡಕೊಂಡು ಬರೀರಿ ಅಂತ ನೀವ ಹೇಳಿದ್ರಿ. ನಮ್ಮಪ್ಪನ ಕೈ ನೀವು ಹಿಡೀಲೇ ಇಲ್ಲ" ಎಂದಳು. ಮೂವತ್ತು ವರ್ಷದ ಕಸುಬು ಆ ಹುಡುಗಿಯ ಎದುರು ಬರಿಗೈಯಲ್ಲಿ ನಿಂತಿತ್ತು. ಎಷ್ಟು ಮುದುಕಿಯರು ಹೆಬ್ಬೆಟ್ಟು ಒತ್ತುವ ಮುಂಚೆ "ನಾ ಹಿಂಗ ಹೇಳಿಲ್ಲಪ್ಪ" ಎಂದಿರಲಿಲ್ಲ? "ನಿನಗ ತಿಳಿಯಂಗಿಲ್ಲ, ಒತ್ತಬೇ" ಎನ್ನುತ್ತಿದ್ದೆ.

ಮತ್ತೆ ತರಗತಿಗೆ ಹೋದೆ, ಈ ಸಲ ಚಾದ ಮಾತೆತ್ತಲಿಲ್ಲ. ನನ್ನ ಕಾಗದವನ್ನು ನಾನೇ ಓದಿ ಹೇಳಿ, ಎಲ್ಲಿ ತಪ್ಪಿದೆ ಎಂದು ಕೇಳಿದೆ. ಮಕ್ಕಳು ಮೈಲಾರಪ್ಪನಾಗಿ ಬರೆದರು, ಅವನ ತಮ್ಮಂದಿರಾಗಿ ಬರೆದರು, ಹೊಲದ ಯಜಮಾನರಾಗಿ ಬರೆದರು. ಒಬ್ಬನಂತೂ ಬಿಡಾರದ ನಾಯಿಯಾಗಿ ಬರೆದ. ನಾಯಿಗೂ ಸೀಲಿನ ಭಯವಿತ್ತು. ಕಡೆಗೆ ಕೊಟ್ರಮ್ಮ ನೋಟ್‌ಬುಕ್ಕಿನ ಹಾಳೆ ಹರಿದು ಬರೆದ ಕಾಗದ ಇದು, ಬಾಯಿಪಾಠ ಆಗಿಬಿಟ್ಟಿದೆ:

"ಅಪ್ಪಾ, ಕರಿಕಿವಿ ಕುರಿ ಮರಿ ಹಾಕ್ತೇನು? ಅಜ್ಜಿ ಆರಾಮದಾಳ. ಮೊದಲನೇ ಕಾಗದ ಬರದೋರಿಗೆ ನಿನ್ನ ಗುರ್ತಿಲ್ಲ, ಮನಸಿಗೆ ಹಚ್ಕೋಬ್ಯಾಡ. ಪರೀಕ್ಷಿ ಮುಗಿದ ಮಾರನೇ ದಿನ ಮುಂಜಾನಿ ಬಸ್ಸಿಗೆ ಬರ್ತೀನಿ. ಆವಾಗ ಕುರಿ ಯಾವೂರಾಗ ಇರ್ತಾವು? ನಾ ಎಲ್ಲಿ ಇಳೀಬೇಕು, ನೀನ ಹೇಳು. ನಿನ್ನ ಮಗಳು ಕೊಟ್ರಿ."

ಓದಿ ದಂಗಾದೆ. ಬೇಡಿಕೆ ಇಲ್ಲ, ಅಳು ಇಲ್ಲ. ಪರೀಕ್ಷೆ ಬರೆಯಲೋ ಬೇಡವೋ ಎಂದು ಕೇಳಲೇ ಇಲ್ಲ. ಎಲ್ಲಿ ಇಳಿಯಲಿ ಎಂದು ಕೇಳಿದ್ದಳು. ಕೊನೆಯ ಬೆರಳನ್ನು ಅಪ್ಪನಿಗೆ ಬಿಟ್ಟಿದ್ದಳು. ಕುರಿ ಸಂತೆಯ ವಿಷಯ ನಾನು ಅವಳಿಗೆ ಅಷ್ಟೆಲ್ಲ ಹೇಳಿರಲಿಲ್ಲ.

ಆ ಕಾಗದವನ್ನು ಯಾರ ಕೈಗೂ ಕೊಡದೆ ನಾನೇ ಒಯ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಮುಂದೆ ಟಂಟಂ ಆಟೋ ಹತ್ತಿ, ಆಮೇಲೆ ಕುರಿ ಹಿಕ್ಕೆಯ ಜಾಡು ಹಿಡಿದು ನಡೆದೆ. ಬಿಡಾರ ಸಿಕ್ಕಾಗ ಇಳಿಹೊತ್ತು. ಕೊಟ್ರಮ್ಮನ ಅವ್ವ ಮೂರು ಕಲ್ಲಿನ ಒಲೆಯ ಮುಂದೆ ಒಂದು ಕಾಲು ಚಾಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಏಳಲಿಲ್ಲ, ಕೂತಲ್ಲಿಂದಲೇ ನೀರಿನ ತಂಬಿಗೆಯನ್ನು ನನ್ನತ್ತ ಸರಿಸಿದಳು. ಕುಡಿದೆ. ನೀರು ತಣ್ಣಗಿತ್ತು ಎಂಬುದಷ್ಟೇ ಆಗ ನನಗೆ ತಿಳಿದದ್ದು.

"ಸೀಲಿನೋರು ನೀವೇನು?" ಮೈಲಾರಪ್ಪ ಕೇಳಿದ. ನಾನೇ ಎಂದೆ. ತಮ್ಮಂದಿರು ಕೆಲಸ ಬಿಟ್ಟು ಹತ್ತಿರ ಬಂದು ನಿಂತರು. ಹಾಳೆ ತೆಗೆದೆ. "ಇಲ್ಲಿ ಓದಬ್ಯಾಡ್ರಿ" ಎಂದು ಮರಿಗಳ ಬುಟ್ಟಿಯ ಆಚೆ ಕರೆದೊಯ್ದ. ಮೆಲ್ಲಗೆ ಓದಿದೆ. ಇನ್ನೊಮ್ಮೆ ಓದ್ರಿ ಎಂದ. ಓದಿದೆ. ಆಮೇಲೆ ನನ್ನ ಹೆಗಲ ಮೇಲಿನ ಟವೆಲ್ಲನ್ನು ತಾನೇ ಎಳೆದು, ನನ್ನ ಕೈ ಹಿಡಿದು, ಮೇಲೆ ಹೊದಿಸಿದ. ಒಳಗೆ ಮೂರು ಬೆರಳು ಒತ್ತಿದ. ಮೂರು ತಿಂಗಳು. ನಾನು ತಲೆ ಅಲ್ಲಾಡಿಸಿದೆ.

ತಮ್ಮಂದಿರತ್ತ ತಿರುಗಿ ಗಟ್ಟಿಯಾಗಿ, "ನೋಡೋಣ ತಗಳ್ರಿ, ಹಬ್ಬ ಆಗ್ಲಿ" ಎಂದ. ಯಾರಿಗೆ ಯಾವುದನ್ನು ಹೇಗೆ ಹೇಳಬೇಕೆಂದು ನಾನು ಶಾಲೆಗೆ ಹೋಗಿ ಪಾಠ ಮಾಡಿದ್ದೆ; ಓದು ಬಾರದ ಆ ಮನುಷ್ಯ ಎರಡು ಉಸಿರಿನಲ್ಲಿ ಇಬ್ಬರಿಗೆ ಎರಡು ಬಗೆಯಲ್ಲಿ ಹೇಳಿ ಮುಗಿಸಿದ. ಮಗಳ ಕಾಗದವನ್ನು ನನ್ನ ಟವೆಲ್ಲಿನಲ್ಲೇ ಸುತ್ತಿ ಕಂಬಳಿಯೊಳಗೆ ಇಟ್ಟುಕೊಂಡ. ವಾಪಸು ಕೇಳದೆ ಬರಿ ಹೆಗಲಲ್ಲಿ ಊರಿಗೆ ಹೊರಟೆ.

ಕೊಟ್ರಮ್ಮ ಪರೀಕ್ಷೆ ಬರೆದಳು, ಪಾಸಾದಳು, ಅಪ್ಪ ಹೇಳಿದ ಊರಲ್ಲಿ ಇಳಿದಳು, ಆಮೇಲೆ ಕೊಟ್ಟೂರಿನಲ್ಲಿ ಕಾಲೇಜಿಗೂ ಸೇರಿದಳು. ಈ ಕತೆಯನ್ನು ನಾನು ಬಂದ ಗಿರಾಕಿಗೆಲ್ಲ ಹೇಳಿ ಹೆಮ್ಮೆಪಟ್ಟದ್ದುಂಟು. ಹೋದ ವಾರ ಅವಳು ಫಾರಂ ತುಂಬಿಸಲು ಅಂಗಡಿಗೆ ಬಂದಿದ್ದಳು. "ನಿಮ್ಮವ್ವ ಹೆಂಗದಾಳ?" ಎಂದೆ, ಸುಮ್ಮನೆ ಮಾತಿಗೆ.

"ಕುಂತ್ರ ಏಳಾಕ ಆಗಂಗಿಲ್ರಿ. ಆ ಮೂರು ತಿಂಗಳು ಎಲ್ಲಾರ ರೊಟ್ಟಿ ಒಬ್ಬಾಕೀನ ಬಡದ್ಲು, ನೀರು ಹೊತ್ಲು. ಅವಾಗಿಂದ ಪೂರಾ ಹೋತು ಕಾಲು."

"ಆವಾಗ ಏನೂ ಅನ್ನಲಿಲ್ಲೇನು?"

"ಯಾರು ಕೇಳ್ಯಾರ್ರಿ? ನಾನ ಕೇಳ್ಲಿಲ್ಲ. ಅಪ್ಪಗ ಹಾಳಿ ತುಂಬ ಬರದೆ, ಅವ್ವಗ ಒಂದು ಸಾಲು ಬರೀಲಿಲ್ಲ ಸರ."

ಅವಳು ಹೋದ ಮೇಲೆ ಹಳೆಯ ಕಟ್ಟು ಬಿಚ್ಚಿದೆ. ಆ ತರಗತಿಯ ಹಾಳೆಗಳನ್ನು ಇಟ್ಟುಕೊಂಡಿದ್ದೆ. ಅಪ್ಪ ಇದ್ದ, ಚಿಕ್ಕಪ್ಪಂದಿರಿದ್ದರು, ಯಜಮಾನರಿದ್ದರು, ನಾಯಿಯೂ ಇತ್ತು. ಅವ್ವನಾಗಿ ಯಾರೂ ಬರೆದಿರಲಿಲ್ಲ. ಬರೆಯಿರಿ ಎಂದು ನಾನು ಹೇಳಿರಲಿಲ್ಲ. ಪರೀಕ್ಷೆ ಬೇಡವಾಗಿತ್ತು ಎಂದಲ್ಲ. ಅವ್ವನ ಪುಟ ಒಂದಿದ್ದಿದ್ದರೆ ಬಿಡಾರಕ್ಕೆ ಒಬ್ಬ ಆಳನ್ನಾದರೂ ಗೊತ್ತುಮಾಡಿ ಬರುತ್ತಿದ್ದೆ. ಅಷ್ಟು ಚೌಕಾಸಿ ನನ್ನ ಕೈಲಿ ಆಗುತ್ತಿತ್ತು.

ನಾಳೆ ಈ ಹೊಸ ಟವೆಲ್ಲು ಹಿಡಿದು ಹೋಗುತ್ತೇನೆ. ಅವ್ವನ ಪುಟದಿಂದಲೇ ಪಾಠ ಶುರು. ನೀವು ಮಕ್ಕಳಿಗೆ ಬರೆಯಲು ಕಲಿಸುವವರಾಗಿದ್ದರೆ, ಇಲ್ಲವೇ ಯಾರದೋ ಪರವಾಗಿ ಒಂದು ಅರ್ಜಿ ಬರೆಯಲು ಕೂತಿದ್ದರೆ, ನನ್ನ ಮಾತು ಕೇಳಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಅದು ಯಾರ ಬಾಯಿಯ ಮಾತೋ ಅವರ ಮುಂದೆಯೇ ಓದಿ. "ನಾ ಹಿಂಗ ಹೇಳಿಲ್ಲ" ಎಂದರೆ ಹರಿದು ಹಾಕಿ, ಹಾಳೆ ಅಗ್ಗ. ಕಾಗದ ಯಾರ ಮನೆಯ ಅಂಗಳದಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ವಿಚಾರಿಸಿಕೊಳ್ಳಿ. ಒಂದು ಬೆರಳು ಎದುರಿನವರಿಗೆ ಬಿಡಿ. ಲಕೋಟೆ ಅಂಟಿಸುವ ಮುಂಚೆ, ನೀವು ಗೆದ್ದರೆ ಆ ಗೆಲುವನ್ನು ಹೊರುವವರು ಯಾರು ಎಂದು ಸುತ್ತ ಒಮ್ಮೆ ನೋಡಿ. ಅವರು ಒಲೆಯ ಮುಂದೆ ಎಲ್ಲೋ ಕೂತಿರುತ್ತಾರೆ, ನಿಮಗೆ ನೀರು ಕೊಟ್ಟಿರುತ್ತಾರೆ. ಹತ್ತಿರ ಹೋಗಿ ಕೂತು, ಯಾವ ಕಾಲು ನೋಯುತ್ತದೆ ಎಂದು ಕೇಳಿ. ಬರೆಯುವುದು ಆಮೇಲೆ.