ಡಬ್ಬಿಯ ಬೆನ್ನು ಓದುವವಳು

ಶಿರಗುಪ್ಪಿಯ ಕಿರಾಣಿ ಅಂಗಡಿಯಲ್ಲಿ ರೂಪಾಲಿಯ ಹಿಂದೆ ನಿಂತವರು ಮನೆ ಮುಟ್ಟುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿದಿರುತ್ತದೆ, ಏಕೆಂದರೆ ಹಿಂಬದಿಯನ್ನು ಪೂರ್ತಿ ಓದದೆ ಅವಳು ಯಾವ ಪಾಕೀಟನ್ನೂ ಚೀಲಕ್ಕೆ ಹಾಕುವುದಿಲ್ಲ. ಮುಂದೆ ‘ಸಕ್ಕರೆ ಬೆರೆಸಿಲ್ಲ’ ಎಂದಿದ್ದರೆ ಹಿಂದೆ ಬೆಲ್ಲ ಹುಡುಕುತ್ತಾಳೆ. ಗೋಧಿ ಬಿಸ್ಕೀಟಿನಲ್ಲಿ ಮೈದಾ ಎಷ್ಟೆಂದು ಬೆರಳಿಟ್ಟು ತೋರಿಸುತ್ತಾಳೆ. “ವೈನಿ, ಸಾಮಾನ ಒಯ್ಯಾಕ ಬಂದೀರೋ, ಪರೀಕ್ಷಾ ಮಾಡಾಕ ಬಂದೀರೋ?” ಎನ್ನುತ್ತಾನೆ ಅಂಗಡಿಯ ಧರೆಪ್ಪ. “ನಿನ್ನ ಮಾಲು ಪಾಸಾದ ಮ್ಯಾಲ ಒಯ್ತೇನಿ, ತಡಿಯೋ” ಎನ್ನುತ್ತಾಳೆ. ಈ ಚಟ ಹತ್ತಿದ್ದು ಹೋದ ವರ್ಷ. ಮಗಳು ಸಣಕಲಾಗಿದ್ದಾಳೆಂದು ಗಂಡ ಈಶ್ವರ ಪೌಷ್ಟಿಕ ಪುಡಿಯ ಡಬ್ಬಿ ತಂದಿದ್ದ. “ನಿನ್ನ ಅಡಗಿಯೊಳಗ ಸತ್ವಾನ ಇಲ್ಲ ನೋಡವಾ, ಅದಕ್ಕ ಕೂಸು ಹಿಂಗ” ಎಂದು ಅತ್ತೆ ಸಕ್ಕುಬಾಯಿ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ರೂಪಾಲಿಯೂ ಅದನ್ನು ನಂಬಿ, ರೊಟ್ಟಿ ಬಡಿಯುತ್ತಲೇ ಒಳಗೊಳಗೆ ಕುಗ್ಗಿದ್ದಳು. ಒಂದು ಸಂಜೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಅವಳ ಕಣ್ಣಿಗೆ ಬಿತ್ತು. ಮುಂದೆ ದೊಡ್ಡದಾಗಿ ಬರೆದಿದ್ದ ಪ್ರೋಟೀನಿನ ಲೆಕ್ಕ, ಪುಡಿ ಕಲಸುವ ಒಂದು ಲೋಟ ಹಾಲನ್ನೂ ಸೇರಿಸಿ ಹೇಳಿದ್ದಾಗಿತ್ತು. ಅದರಲ್ಲಿ ಹೆಚ್ಚಿನ ಪಾಲು ಹಾಲಿನದೇ. “ಅತ್ತಿ, ಇದರಾಗಿನ ಸತ್ವಾ ನಮ್ಮ ಎಮ್ಮೀದ್ರಿ!” ಎಂದು ಅವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ಎಮ್ಮೆಗೆ ನಸುಕಿನಲ್ಲೇ ಎದ್ದು ಮೇವು ಹಾಕಿ, ಸಗಣಿ ಬಳಿದು, ಹಾಲು ಹಿಂಡಿ, ಕಾಸಿ, ಮಗಳ ಲೋಟಕ್ಕೆ ಸುರಿಯುತ್ತಿದ್ದವಳು ತಾನೇ. ಎಷ್ಟೋ ತಿಂಗಳ ಮೇಲೆ ಅಂದು ತಾನು ಮಾಡಿದ ಪಲ್ಯ ಅವಳಿಗೇ ರುಚಿಸಿತು.