ಗೌಸಿಯಾಬೇಗಂ ಬರೆಸಿದ ಖೈರಿಯತ್ ಕಾಗದ

ಗೌಸಿಯಾಬೇಗಂಗೆ ಸಂಕಟ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಗಂಡ ಲಾಡ್ಲೆಸಾಬ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಮಾದನಹಿಪ್ಪರಗಾದ ತವರಿಗೆ ಫೋನು ಹಚ್ಚಿ, "ಇವರಿಗೆ ಸ್ವಲ್ಪ ಆರಾಮಿಲ್ಲ, ಬಂದು ಹೋಗ್ರಿ" ಎಂದಷ್ಟೇ ಹೇಳಿದ್ದಳು. ಅದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮ ಕಡೆ ಸಾವಿನ ಸುದ್ದಿ ಹೋಗುವುದೇ ಹಾಗೆ. 'ಆರಾಮಿಲ್ಲ' ಎಂದರೆ ಸಾಕು, ಕೇಳಿದವರು ಅಳುತ್ತಲೇ ಬಸ್ಸು ಹತ್ತುತ್ತಾರೆ.

ಈಗ ಅವಳು ಆಳಂದದ ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಬಡಿಯುವುದು ಎಡಗೈಯಲ್ಲಿ. ಬಲಗೈಯ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿದೆ. ಯಾಕೆ ಎಂದು ಯಾರಾದರೂ ಕೇಳಿದರೆ ಜಾರಿ ಬಿದ್ದೆ ಎನ್ನುತ್ತಾಳೆ. ಮಗನಿಗೂ ಅದನ್ನೇ ಹೇಳಿದ್ದಾಳೆ.

ಆದದ್ದು ಬೇರೆ. ಒಬ್ಬನೇ ಮಗ ನಯೀಮ ನೆಲೋಗಿಯಲ್ಲಿದ್ದಾಗ ಭೀಮಾ ನದಿಯ ಮರಳು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದ. ಒಂದು ದಿನ ಮರಳಿನ ಗುಂಡಿ ಕುಸಿದು ಕೂಲಿಯವನೊಬ್ಬ ಸತ್ತ. ಧಣಿ ಹೆಣವನ್ನು ಅಲ್ಲೇ ಮುಚ್ಚಿಸಿಬಿಟ್ಟ. ಉಳಿದವರು ಬಾಯಿ ಹೊಲಿದುಕೊಂಡರು, ನಯೀಮ ಮಾತ್ರ ಪೊಲೀಸರ ಮುಂದೆ ಸಾಕ್ಷಿ ನುಡಿದ. ಆಮೇಲೆ ಎರಡು ಸಲ ಅವನನ್ನು ಕೊಲ್ಲಲು ಬಂದರು. ಅವನು ಹೇಗೋ ದುಬೈಗೆ ಓಡಿ, ಅಲ್ಲಿಂದ ಕೆನಡಾ ಸೇರಿ, 'ಊರಿಗೆ ಹೋದರೆ ನನ್ನನ್ನು ಉಳಿಸುವುದಿಲ್ಲ, ಆಶ್ರಯ ಕೊಡಿ' ಎಂದು ಅರ್ಜಿ ಹಾಕಿದ. ಇತ್ತ ಅವನು ಕೈಗೆ ಸಿಗದ ಸಿಟ್ಟಿಗೆ ಧಣಿಯ ಮಂದಿ ನೆಲೋಗಿಯ ಮನೆಯ ಬಾಗಿಲನ್ನು ಕೊಡಲಿಯಿಂದ ಕಡಿದು, ತಾಯಿಯ ಕೈ ತಿರುವಿ ಮುರಿದರು. "ಅವ ಊರಿಗೆ ಬಂದ ದಿನಾನ ಅವನ ಮಣ್ಣು" ಎಂದು ಹೇಳಿ ಹೋದರು.

"ವಕೀಲರು ನಿನ್ನ ಕಾಗದ ಬೇಕು ಅಂದಾರ ಅಮ್ಮಿ. ಧಣಿ ಮಂದಿ ಮನೀಗೆ ಬಂದಿದ್ರಂತ, ಏನೇನು ಮಾಡಿದ್ರು, ಎಲ್ಲಾ ಬರೆಸು" ಎಂದು ನಯೀಮ ಫೋನಿನಲ್ಲಿ ಹೇಳಿದ. ಅವಳಿಗೆ ಅಕ್ಷರ ಬಾರದು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಬಾಜೂ ಮನೆಯ ಭಾಗ್ಯಜ್ಯೋತಿ ಬರೆದುಕೊಳ್ಳಲು ಕುಳಿತಳು.

"ಇಲ್ಲಿ ಎಲ್ಲಾ ಖೈರಿಯತ್. ನಿನ್ನ ಖೈರಿಯತ್ ಅಲ್ಲಾನ ಕಡೆ ಬೇಡತೇನಿ. ಯಾವ ತಕಲೀಫೂ ಇಲ್ಲ, ಫಿಕರ್ ಮಾಡಬ್ಯಾಡ."

ಭಾಗ್ಯಜ್ಯೋತಿ ಪೆನ್ನು ನಿಲ್ಲಿಸಿದಳು. "ಖಾಲಾ, ತಕಲೀಫ್ ಐತಿ ಅಂತನ ಬರೀಬೇಕಾಗೇದರಿ."

"ಕಾಗದ ಯಾರರೆ ಹಂಗ ಶುರು ಮಾಡ್ತಾರೇನವಾ? ಮೊದಲ ಖೈರಿಯತ್ ಬರಿ."

ನಗಬೇಡಿ. ನಿಮ್ಮ ಅಜ್ಜನೂ 'ಉಭಯ ಕುಶಲೋಪರಿ' ಎಂದು ಬರೆದ ಮೇಲೆಯೇ ಎತ್ತು ಸತ್ತದ್ದನ್ನು ಬರೆಯುತ್ತಿದ್ದ. ಗೌಸಿಯಾಬೇಗಂ ಮುಂದೆ ಹೇಳಿದಳು: "ಮನೀಗೆ ಹೊಸಾ ಬಾಗಿಲಾ ಹಚ್ಚಿಸೇನಿ. ಈಗ ಆಳಂದದಾಗ ಇರ್ತೇನಿ. ಕೈ ಕೂಡೇದ. ನೀ ಸದ್ಯಕ್ಕ ಈ ಕಡೆ ಬರಬ್ಯಾಡ."

"ಬಾಗಿಲಾ ಯಾರು ಒಡದ್ರು, ಕೈ ಯಾರು ಮುರದ್ರು, ಅದೂ ಬರೀಲೇನ್ರಿ?"

"ಬ್ಯಾಡವಾ. ದೂರದಾಗ ಕುಂತ ಹುಡುಗ ಎದಿ ಒಡಕೋತಾನ."

ಕಾಗದ ಹೋಯಿತು. ಆರು ತಿಂಗಳಿಗೆ ಅರ್ಜಿ ತಿರಸ್ಕಾರವಾಯಿತು. ಕಾರಣಗಳಲ್ಲಿ ಅಧಿಕಾರಿ ಒಂದನ್ನು ಒತ್ತಿ ಬರೆದಿದ್ದ: ಸ್ವಂತ ತಾಯಿಯೇ ಊರಲ್ಲಿ ಎಲ್ಲರೂ ಕ್ಷೇಮ, ಯಾವ ತೊಂದರೆಯೂ ಇಲ್ಲ ಎಂದಿದ್ದಾಳೆ. ಭಾಗ್ಯಜ್ಯೋತಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಗೌಸಿಯಾಬೇಗಂ ಸೊಟ್ಟ ಕೈಯಿಂದಲೇ ಹಣೆ ಹಣೆ ಬಡಿದುಕೊಂಡಳು.

"ಆ ಕಾಗದಾ ಹರದು ಹಾಕ್ರಿ ಅಂತ ಹೇಳು. ಬ್ಯಾರೆ ಬರೆಸ್ತೇನಿ. ಎಲ್ಲಾ ಹೇಳ್ತೇನಿ."

ಹೇಳಿದಳು ಕೂಡ. ಕೊಡಲಿ, ಕೈ, ಬೈಗುಳ, ಒಂದನ್ನೂ ಬಿಡಲಿಲ್ಲ. ಎಂಟು ಪುಟವಾಯಿತು. ಜೊತೆಗೆ ಕೈಯ ಎಕ್ಸ್‌ರೇ ಇಟ್ಟು, ಮಗನಿಗೆ ತೋರಿಸಬೇಡಿ ಎಂದು ಹೇಳಿ ನೇರ ವಕೀಲರಿಗೇ ಕಳಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಮೇಲಿನ ಕೋರ್ಟಿಗೆ ಹೊಸ ಕಾಗದ ನಡೆಯುವುದಿಲ್ಲ ಎಂದು ಅಲ್ಲಿಯ ವಕೀಲೆ ತಿಳಿಸಿದಳು. ನಯೀಮ ಬದುಕುತ್ತಾನೋ ಸಾಯುತ್ತಾನೋ ಎಂಬುದನ್ನು ಆ ನ್ಯಾಯಾಧೀಶರು ತೂಗುವುದಿಲ್ಲವಂತೆ. ಅಧಿಕಾರಿ ತನ್ನ ಮುಂದಿದ್ದ ಕಾಗದಗಳನ್ನು ಸರಿಯಾಗಿ ಓದಿ ತೀರ್ಮಾನಿಸಿದನೇ, ಅದನ್ನಷ್ಟೇ ನೋಡುತ್ತಾರಂತೆ. ಅವನ ಮುಂದಿದ್ದದ್ದು ಖೈರಿಯತ್ ಕಾಗದ. ಕಾನೂನು ದೊಡ್ಡದೇ ಇರಬಹುದು, ಆದರೆ ಮುರಿದ ಕೈ ಕಣ್ಣೆದುರು ಹಿಡಿದರೂ ನೋಡುವುದಿಲ್ಲ ಅನ್ನುವ ಕಾನೂನಿಗೆ ನಾನಂತೂ ಕೈಮುಗಿಯಲಾರೆ.

ವಕೀಲೆ ಇದ್ದ ನಾಲ್ಕು ಸಾಲುಗಳನ್ನೇ ಹಿಡಿದು ಜಗ್ಗಿದಳು. ಹೊಸ ಬಾಗಿಲು ಯಾಕೆ ಬೇಕಾಯಿತು? ಮುದುಕಿ ಊರು ಬಿಟ್ಟದ್ದು ಯಾಕೆ? ಕೈಗೆ ಏನಾಗಿತ್ತು? ಹೆತ್ತವಳು ಮಗನಿಗೆ ಬರಬೇಡ ಎನ್ನುವುದುಂಟೇ? ಅಧಿಕಾರಿ ಮೊದಲ ಸಾಲಿಗೇ ಓದು ನಿಲ್ಲಿಸಿದ್ದಾನೆ ಎಂದು ವಾದಿಸಿದಳು. ತೀರ್ಪಿಗೆ ಕಾದ ಒಂದು ತಿಂಗಳು ಗೌಸಿಯಾಬೇಗಂ ದರ್ಗಾದ ಹೊಸ್ತಿಲು ಸವೆಸಿದಳು. ರೊಟ್ಟಿ ಹಂಚಿನ ಮೇಲೆ ಸೀದುಹೋದರೂ ಗೊತ್ತಾಗುತ್ತಿರಲಿಲ್ಲ.

ತೀರ್ಪು ಬಂತು. ಅಧಿಕಾರಿ ಕಾಗದವನ್ನು ಹಾಗೆ ಓದಿಕೊಂಡದ್ದು ಅಸಮಂಜಸವಲ್ಲ, ಅರ್ಜಿ ವಜಾ. ನಯೀಮನನ್ನು ವಾಪಸು ಕಳಿಸುವ ದಿನವೂ ಗೊತ್ತಾಯಿತು, ಬರುವ ಗುರುವಾರ.

ಬುಧವಾರ ಮಧ್ಯಾಹ್ನ ಅವನ ಫೋನು ಬಂದಾಗ ಭಾಗ್ಯಜ್ಯೋತಿ ಪಕ್ಕದಲ್ಲೇ ಇದ್ದಳು. ಗೌಸಿಯಾಬೇಗಂ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಕೂಗಿದಳು.

"ಬರಬ್ಯಾಡೋ ಬೇಟಾ! ನಾ ಜಾರಿ ಬಿದ್ದಿಲ್ಲ, ಅವರು ಮುರದಾರ ನನ್ನ ಕೈ. ಬಾಗಿಲಾ ಕೊಡ್ಲಿಲೆ ಕಡದಾರ. ನೀ ಬಂದ್ರ ಬಿಡಂಗಿಲ್ಲ ಅಂದಾರ. ಖೈರಿಯತ್ ಸುಳ್ಳದ, ಎಲ್ಲಾ ಸುಳ್ಳದ. ನಾನ ನಿನ್ನ ಕೊಂದೆ!"

ಹುಟ್ಟಿದಾಗಿನಿಂದ ಒಳಗೆ ಅದುಮಿಟ್ಟದ್ದೆಲ್ಲ ಹೊರಗೆ ಬಂತು. ಖಾನಾವಳಿಯ ಮಂದಿ ಊಟ ಬಿಟ್ಟು ನೋಡಿದರು. ಆಚೆ ಬದಿಯಲ್ಲಿ ನಯೀಮ ಏನೋ ಹೇಳಿ ಫೋನು ಇಟ್ಟ.

"ಅವ ಏನಂದಾನ್ರಿ ಖಾಲಾ?" ಭಾಗ್ಯಜ್ಯೋತಿ ಕೇಳಿದಳು.

"ನಾ ಆರಾಮ ಅದೀನಿ ಅಮ್ಮಿ, ಎಲ್ಲಾ ಖೈರಿಯತ್, ಫಿಕರ್ ಮಾಡಬ್ಯಾಡ ಅಂದ" ಎಂದವಳೇ ಗೌಸಿಯಾಬೇಗಂ ಒಲೆಯ ಮುಂದೆ ಕುಸಿದು, ಸತ್ತವರ ಮನೆಯಲ್ಲಿ ಅಳುವಂತೆ ಅಳತೊಡಗಿದಳು.