ಮೂವರ ಕಾರಿನಲ್ಲಿ ನಾಲ್ಕನೆಯ ಭಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆ ಯಾರಾದರೂ ಇಂಥದ್ದನ್ನು ಬರೆದಿದ್ದರೆ ನಾನು ಅರ್ಧಕ್ಕೇ ಪುಟ ತಿರುಗಿಸುತ್ತಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಎಂಟು ವರ್ಷ ಬೋರ್ಡಿಂಗ್‌ನಲ್ಲಿದ್ದು ಓದಿದವಳು ನಾನು. ಸೂಪರ್‌ಸ್ಟಿಷನ್ ಎಂದರೆ ಮನಸ್ಸಿನ ಸೋಮಾರಿತನ ಎಂದು ಅಲ್ಲಿಯ ಸಿಸ್ಟರ್ ಹೇಳಿಕೊಟ್ಟಿದ್ದರು, ನಾನು ಹಾಗೆಯೇ ನಂಬಿದ್ದೆ. ರಜೆಗೆಂದು ಸಿಂದಗಿಗೆ ಬಂದಾಗ ಅವ್ವ ದೃಷ್ಟಿ ತೆಗೆಯಲು ಉಪ್ಪು ಹಿಡಿದು ಬಂದರೆ "ಡೋಂಟ್ ಬಿ ಸಿಲ್ಲಿ, ಅವ್ವಾ" ಎಂದು ಓಡಿಹೋಗುತ್ತಿದ್ದೆ. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಆ "ಸಿಲ್ಲಿ" ಮಾತ್ರ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಇಪ್ಪತ್ತು. ಅಪ್ಪ ಸಿಂದಗಿ ಕೋರ್ಟಿನಲ್ಲಿ ವಕೀಲರಾಗಿದ್ದರು. ಒಂದು ದಿನ ವಾದ ಮಾಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದರು. ಎರಡು ತಿಂಗಳು ಹಾಸಿಗೆಯಲ್ಲಿ ಮಲಗಿದ ಮೇಲೆ ವಿಜಾಪುರದ ಡಾಕ್ಟರರು, ಸ್ವಲ್ಪ ದಿನ ಸಮುದ್ರದ ಗಾಳಿ ಸಿಗಲಿ, ಆದರೆ ಮೆಟ್ಟಿಲು ಹತ್ತಬಾರದು, ಗಾಬರಿಯಾಗಬಾರದು, ನೀರಿಗೆ ಇಳಿಯಬಾರದು ಎಂದು ಹೇಳಿದರು. ಮುಂಬಯಿಯಲ್ಲಿ ಸಮುದ್ರಕ್ಕೆ ಮುಖ ಮಾಡಿರುವ ದೊಡ್ಡ ಹೋಟೆಲಿನಲ್ಲಿ ರೂಮು ಹಿಡಿಯುತ್ತೇನೆಂದು ಅಕ್ಕನ ಗಂಡ ಪತ್ರ ಬರೆದರು. ಅಪ್ಪ ಒಪ್ಪಲಿಲ್ಲ.

"ಅಲ್ಲಿ ಊಟಕ್ಕ ಕುಂಡ್ರಾಕೂ ಬೂಟ ಹಾಕ್ಕೋಬೇಕಂತ. ಜಡ್ಡಾದವಂಗ ಅದ್ಯಾಕ ಬೇಕು? ಒಂದು ಗಾಡಿ ಬಾಡಗಿ ಹಿಡಿಯೂಣು. ಸಣ್ಣ ಸಣ್ಣ ಬಂದರದ ಊರು ನೋಡ್ಕೋತ ಹೋಗೂಣು. ಛಲೋ ಅನಿಸಿದಲ್ಲಿ ಎರಡು ದಿನ ಇರೂಣು, ಬ್ಯಾಸರಾದ್ರ ಮುಂದಕ ಹೋಗೂಣು" ಎಂದರು.

ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಅಕ್ಕ ಹೆರಿಗೆಗೆ ಬಂದಿದ್ದಳು. ಕೂಸಿಗೆ ಹದಿನೈದು ದಿನ. ಅವ್ವ ಬಾಣಂತಿಯನ್ನು ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಅಪ್ಪನನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹೊರಡುವ ಹಿಂದಿನ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಹೇಳಿದಳು: "ಹೆಂಗ ಒಯ್ತಿ ಹಂಗ ನನಗ ತಂದು ಕೊಡು."

ಬಾಡಿಗೆ ಕಾರು ಇಂಡಿಯಿಂದ ಬಂತು. ಬೂದು ಬಣ್ಣದ ಹಳೆಯ ಲ್ಯಾಂಡ್‌ಮಾಸ್ಟರ್. ಅದರ ಡ್ರೈವರ್ ಲಾಲಸಾಬ್ ನಲವತ್ತರ ಆಸುಪಾಸಿನವನು, ಮಾತಿನ ಮಲ್ಲ. ಟ್ರಂಕು, ಹಾಸಿಗೆ, ಕಟಕ ರೊಟ್ಟಿಯ ಗಂಟು ಎಲ್ಲ ಡಿಕ್ಕಿಗೆ ಸೇರಿದ ಮೇಲೆ ಅವ್ವ ಹಿತ್ತಲಿನಿಂದ ಒಂದು ಕಲ್ಲು ತಂದಳು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ ನುಣುಪಾಗಿತ್ತು. ಅದನ್ನು ಹಿಂದಿನ ಸೀಟಿನ ನಡುವೆ ಇಟ್ಟಳು.

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮೂರು ಜನ ಕೂಡಿ ದೂರದ ಊರಿಗೆ ಹೊರಡಬಾರದು. ಹೊರಡಲೇಬೇಕಾದರೆ ಜೊತೆಗೊಂದು ಕಲ್ಲು ಇಟ್ಟುಕೊಳ್ಳಬೇಕು. ಆ ಕಲ್ಲೇ ನಾಲ್ಕನೆಯವರು.

"ಡ್ರೈವರನ್ನ ಯಾಕ ಎಣಸ್ತಿ? ನಾವು ಇಬ್ಬರಽ" ಎಂದರು ಅಪ್ಪ.

"ನಾ ಮನಶಾ ಅಲ್ಲೇನ್ರಿ ಸಾಹೇಬ್ರ? ಹಂಗಾರ ನನ್ನೂ ಡಿಕ್ಕಿಯಾಗ ಹಾಕ್ರಿ, ಗಾಡಿ ತಾನಽ ಹೊಕ್ಕೈತಿ" ಎಂದ ಲಾಲಸಾಬ್.

ಅವ್ವ ನಗಲಿಲ್ಲ. "ಹೊಳ್ಳಿ ಬರೂತನಕ ಗಾಡಿಯಾಗಽ ಇರಬೇಕು" ಎಂದು ನನಗೆ ಹೇಳಿದಳು. ನಾನು ಹೂಂ ಎಂದೆ.

ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ದಾಟಿ, ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಘಟ್ಟ ಇಳಿದೆವು. ಕಲ್ಲು ಸೀಟಿನಿಂದ ಜಾರಿ ಕೆಳಗೆ ಬಿದ್ದಿತ್ತು. ಪ್ರತಿ ತಿರುವಿನಲ್ಲೂ ಉರುಳಿ ಬಂದು ನನ್ನ ಕಾಲಿನ ಗಂಟಿಗೆ ಬಡಿಯುತ್ತಿತ್ತು. ಬೇಲೆಕೇರಿ ಮುಟ್ಟುವಷ್ಟರಲ್ಲಿ ಚರ್ಮ ಕಿತ್ತು ರಕ್ತ ಬಂದಿತ್ತು.

ಬೇಲೆಕೇರಿ ಆಗ ಅತಿ ಸಣ್ಣ ಊರು. ನಾಲ್ಕಾರು ದೋಣಿ, ಒಣಗಲು ಹಾಕಿದ ಬಲೆಗಳು, ಆಮೇಲೆ ಬರೀ ದಂಡೆ. ಇಳಿತದ ಹೊತ್ತು, ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿಯಾಗಿತ್ತು. ನಮ್ಮ ಕಡೆಯ ಡೋಣಿ ಹೊಳೆಯ ಒಣಪಾತ್ರದಲ್ಲಿ ಗಾಡಿ ಓಡಿಸಿ ರೂಢಿಯಿದ್ದ ಲಾಲಸಾಬ್ ಕೇಳದೆ ಕಾರನ್ನು ಮರಳಿನ ಮೇಲೆಯೇ ಬಿಟ್ಟ. ಸಮುದ್ರವನ್ನು ಅವನೂ ಮೊದಲ ಸಲ ನೋಡುತ್ತಿದ್ದ. "ಇಷ್ಟು ನೀರೈತಿ, ಒಂದು ಗುಟುಕು ಕುಡ್ಯಾಕ ಬರೂದಿಲ್ಲ. ನಮ್ಮ ಡೋಣಿಗೆ ಅಣ್ಣ ಆಗಬೇಕ್ರಿ ಇದು" ಎಂದ. ಡೋಣಿಯ ನೀರೂ ಸವಳು. ಅಪ್ಪ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಬಾಯಿ ತುಂಬ ನಕ್ಕರು.

ಆ ನಗುವಿನ ನಡುವೆ ಕಲ್ಲು ಮತ್ತೆ ಕಾಲಿಗೆ ಬಡಿಯಿತು. ನಾನು ಬಗ್ಗಿ ಅದನ್ನು ಎತ್ತಿ ನನ್ನ ಪಕ್ಕದ ಕಿಟಕಿಯಿಂದ ಹೊರಗೆ ಎಸೆದೆ. ಅಪ್ಪ ನೀರಿನ ಕಡೆ ನೋಡುತ್ತಿದ್ದರು. ಯಾರೂ ನೋಡಲಿಲ್ಲ ಎಂದುಕೊಂಡೆ.

ಅರ್ಧ ಮೈಲಿ ಮುಂದೆ ಹೋಗಿ ಕಾರು ನಿಲ್ಲಿಸಿದೆವು. ಐದು ನಿಮಿಷ ಅಲ್ಲಿಯೇ ಕುಳಿತು ಸಮುದ್ರ ನೋಡಿದೆವು. ಯಾರೂ ಇಳಿಯಲಿಲ್ಲ. ನಂತರ ಲಾಲಸಾಬ್ ಕಾರು ತಿರುಗಿಸಿ ಬಂದ ದಾರಿಯಲ್ಲೇ ಹೊರಟ. ಆಗ ನೋಡಿದೆ. ನಾವು ಹೋಗುವಾಗ ಮೂಡಿದ್ದ ಗಾಲಿಯ ಗುರುತಿನ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಗಳಿದ್ದವು. ಅಗಲ ಬೆರಳಿನ, ಎಂದೂ ಚಪ್ಪಲಿ ಕಾಣದ ಪಾದ. ಬೆರಳುಗಳು ನಮ್ಮ ಕಡೆಗೇ ಮುಖ ಮಾಡಿದ್ದವು. ಎಂದರೆ ಯಾರೋ ನಮ್ಮ ಹಿಂದೆಯೇ ನಡೆದು ಬಂದಿದ್ದರು. ಆದರೆ ನಮ್ಮನ್ನು ಯಾರೂ ದಾಟಿ ಹೋಗಿರಲಿಲ್ಲ, ಎದುರಿಗೂ ಯಾರೂ ಇರಲಿಲ್ಲ.

ಹೆಜ್ಜೆಗಳು ಎಲ್ಲಿಂದ ಶುರುವಾಗಿವೆ ಎಂದು ನೋಡುತ್ತ ಬಂದೆ. ಮರಳಿನಲ್ಲಿ ಮುಷ್ಟಿಗಿಂತ ಸ್ವಲ್ಪ ದೊಡ್ಡ ಒಂದು ಕುಳಿ ಇತ್ತು. ಕಲ್ಲು ಬಿದ್ದ ಗುರುತು. ಅದರಲ್ಲಿ ಕಲ್ಲಿರಲಿಲ್ಲ. ಹೆಜ್ಜೆಗಳು ಅಲ್ಲಿಂದಲೇ ಆರಂಭವಾಗಿದ್ದವು. ಆಚೆ ಈಚೆ ಸ್ಲೇಟಿನಂತೆ ಶುಭ್ರ ಮರಳು.

ಲಾಲಸಾಬನೂ ನೋಡಿದ್ದ. ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಅಕ್ಕಾರ, ಕಲ್ಲು ಎಲ್ಲೈತ್ರಿ?" ಎಂದ.

"ಸೀಟಿನ ಕೆಳಗ ಐತಿ" ಎಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೋ.

ಮರುದಿನ ಕುಮಟೆಯ ಕಡೆ ಹೊರಟಾಗ ಲಾಲಸಾಬ್ ತಮಾಷೆ ಬಿಟ್ಟುಬಿಟ್ಟಿದ್ದ. ಒಂದು ಸಣ್ಣ ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಅವನು ಇಳಿದು ಹಿಂದೆ ಹೋಗಿ, ಬಗ್ಗಿ ಸ್ಪ್ರಿಂಗ್ ನೋಡಿದ. ಡಿಕ್ಕಿ ತೆಗೆದು ಸಾಮಾನು ಎಣಿಸಿದ. ಅಪ್ಪನಿಗೆ ಕೇಳದಂತೆ ನನ್ನನ್ನು ಕರೆದು ಹೇಳಿದ: "ಆರು ವರ್ಷ ಆತ್ರಿ ಅಕ್ಕಾರ ಈ ಗಾಡಿ ಹೊಡ್ಯಾಕತ್ತು. ಒಳಗ ಎಷ್ಟು ಮಂದಿ ಅದಾರಂತ ಹೊಳ್ಳಿ ನೋಡ್ದಽ ಹೇಳ್ತೇನಿ. ನಿನ್ನೀತನಕ ಇದು ಮೂರು ಮಂದಿ ಗಾಡಿ. ಈಗ ನಾಕು ಮಂದೀನ ಎಳಿಯಾಕತ್ತೈತಿ."

ನಾನು ಇಂಗ್ಲಿಷಿನಲ್ಲಿ ಏನೋ ಅಂದೆ. ನಾನ್‌ಸೆನ್ಸ್ ಎಂದಿರಬೇಕು. ಅವನು ಹಿಂದಿನ ಬಾಗಿಲು ತೆರೆದು ಹಿಡಿದು ನಿಂತ. ನಾನು ಹತ್ತಿದ ಮೇಲೂ ತುಸು ಹೊತ್ತು ಹಾಗೆಯೇ ಹಿಡಿದುಕೊಂಡಿದ್ದು, ಆಮೇಲೆ ಮುಚ್ಚಿದ.

ಮಧ್ಯಾಹ್ನ ಅಪ್ಪ ಎಡಗಡೆಯ ಬಾಗಿಲಿಗೆ ಅಂಟಿಕೊಂಡು ಕುಳಿತಿದ್ದರು, ನಾನು ಬಲಗಡೆಯ ಬಾಗಿಲಿಗೆ. ನಡುವೆ ಒಬ್ಬರು ಕೂರುವಷ್ಟು ಜಾಗ. "ಅಪ್ಪಾ, ಈ ಕಡೆ ಸರಿದು ಕಾಲು ಚಾಚ್ರಿ" ಎಂದೆ.

"ಜಾಗಾ ಎಲ್ಲೈತವಾ?" ಎಂದರು ಅವರು.

ಹಾಗೆಂದು ತಾವೇ ನಡುವಿನ ಸೀಟನ್ನು ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರು ಸರಿಯಲಿಲ್ಲ. ಹಗಲು ಮೂರು ಗಂಟೆಯ ಬಿಸಿಲಿನಲ್ಲಿ, ಕಿಟಕಿ ತೆರೆದಿದ್ದ ಕಾರಿನಲ್ಲಿ, ನಾನು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸೀಟಿನ ಮೇಲೆ ಊರಲು ಧೈರ್ಯವಿರಲಿಲ್ಲ.

ಆಗಲೇ ಲಾಲಸಾಬನಿಗೆ ಸತ್ಯ ಹೇಳಿ ಗಾಡಿ ತಿರುಗಿಸಬಹುದಿತ್ತು. ಆದರೆ ಕೇಳಿ ಅಪ್ಪ ಗಾಬರಿಯಾದರೆ? ಡಾಕ್ಟರರು ಹೇಳಿದ್ದು ಅದನ್ನೇ ಅಲ್ಲವೇ? ನನ್ನ ಭಯವನ್ನು ಅವರ ಎದೆಯ ಮೇಲೆ ಇಡುವುದು ಹೇಗೆ? ಬೆಳಿಗ್ಗೆ ಏನಾದರೂ ನೆಪ ಹೇಳಿ ಊರಿಗೆ ಹೊರಡಿಸುತ್ತೇನೆ ಎಂದುಕೊಂಡೆ.

ಅಂದು ಉಳಿದ ಊರಿನ ಹೆಸರು ಬರೆಯುವುದಿಲ್ಲ. ಹೊನ್ನಾವರದಿಂದ ದೂರವಲ್ಲ. ದಂಡೆಗೆ ಹತ್ತಿದಂತೆ ಎರಡು ಕೋಣೆಯ ಟ್ರಾವೆಲರ್ಸ್ ಬಂಗಲೆ. ಅಪ್ಪನ ಮಂಚದ ಪಕ್ಕದಲ್ಲೇ ನನ್ನ ಮಂಚ ಎಳೆದುಕೊಂಡು ಮಲಗಿದೆ. ನಿದ್ದೆ ಮಾಡಬಾರದೆಂದುಕೊಂಡಿದ್ದೆ. ಆದರೂ ಬೆಳಗಿನ ಜಾವಕ್ಕೆ ಕಣ್ಣು ಹತ್ತಿತು. ಎಚ್ಚರವಾದಾಗ ಕಿಟಕಿಯಲ್ಲಿ ಮಬ್ಬು ಬೆಳಕಿತ್ತು. ಅಪ್ಪನ ಮಂಚ ಖಾಲಿ.

ಹೊರಗೆ ಓಡಿದೆ. ಲಾಲಸಾಬ್ ಬೆಳಗಿನ ನಮಾಜಿಗೆಂದು ಬಾವಿಯ ಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದ. ನನ್ನನ್ನು ನೋಡಿ ಅವನ ಕೈಯಿಂದ ಚೆಂಬು ಜಾರಿತು.

"ನೀವು ಇಲ್ಲಿ ಅದೀರಿ? ಈಗಽ ಸಾಹೇಬ್ರು ನಿಮ್ಮ ಜೋಡಿ ನೀರಿನ ಕಡೆ ಹ್ವಾದ್ರಲ್ರಿ. ಇಬ್ಬರು ಹೋಗೂದು ಕಂಡೇನಿ. ನೀವಽ ಅಂತ ತಿಳಕೊಂಡೆ."

ಇಬ್ಬರೂ ಓಡಿದೆವು. ಮರಳಿನ ಮೇಲೆ ಅಪ್ಪನ ಚಪ್ಪಲಿಯ ಗುರುತು. ಅದರ ಬಲಕ್ಕೆ, ತೀರ ಹತ್ತಿರದಲ್ಲಿ, ಅಗಲ ಬೆರಳಿನ ಬರಿಗಾಲಿನ ಹೆಜ್ಜೆ. ಎರಡೂ ನೀರಿನ ಕಡೆಗೆ. ನೀರಿನಂಚಿನಲ್ಲಿ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು.

ಅಪ್ಪ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ಧೋತರ ಸುತ್ತಲೂ ತೇಲುತ್ತಿತ್ತು. ಈಜು ಬಾರದ ಮನುಷ್ಯ, ಜಡ್ಡಿನಿಂದ ಎದ್ದವರು. ಅವರು ನಿಂತಿದ್ದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. ಬಲಕ್ಕೆ ವಾಲಿ ನಿಂತಿದ್ದರು. ಯಾರಾದರೂ ಹಿಡಿದುಕೊಳ್ಳದ ಹೊರತು ಒಬ್ಬ ಮನುಷ್ಯ ಅಷ್ಟು ವಾಲಿ ನಿಲ್ಲಲಾರ. ಬಲ ಮೊಣಕೈ ಮೈಯಿಂದ ದೂರ ಎತ್ತಿಕೊಂಡಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಲೆ ಬಂದು ಹೋದರೂ ಅವರು ಅಲುಗುತ್ತಿರಲಿಲ್ಲ.

ನಾನು ಎಡಗೈ ಹಿಡಿದೆ, ಲಾಲಸಾಬ್ ಸೊಂಟಕ್ಕೆ ಕೈ ಹಾಕಿದ. ಆ ಕ್ಷಣಕ್ಕೆ ಅವರ ಇಡೀ ಭಾರ ನಮ್ಮ ಮೇಲೆ ಬಿತ್ತು, ಯಾರೋ ಕೈ ಬಿಟ್ಟಂತೆ. ಎಳೆದು ತಂದು ಮರಳಿನ ಮೇಲೆ ಮಲಗಿಸಿದೆವು. ಲಾಲಸಾಬ್ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತ ಅವರ ಪಾದ ಉಜ್ಜುತ್ತಿದ್ದ. ಹಿಂದಿರುಗಿ ನೋಡಿದಾಗ ಅಲೆ ಎಲ್ಲ ಹೆಜ್ಜೆಗಳನ್ನೂ ಅಳಿಸಿತ್ತು. ಬೇರೆ ಯಾರಾದರೂ ನೀರಿನಿಂದ ಹೊರಗೆ ಬಂದರೋ ಇಲ್ಲವೋ ತಿಳಿಯುವಂತಿರಲಿಲ್ಲ.

ಅಪ್ಪ ಕಣ್ಣು ಬಿಟ್ಟು ಬಲ ಮೊಣಕೈ ಸವರಿಕೊಂಡರು. ಅಲ್ಲಿ ಚರ್ಮ ಕೆಂಪಾಗಿ ಕಂದಿತ್ತು. "ಎಷ್ಟು ಗಟ್ಟಿ ಹಿಡದಿದ್ದೆವಾ ನೀ. ಬಿಡು ಅಂದ್ರೂ ಬಿಡಲಿಲ್ಲ" ಎಂದರು.

ಲಾಲಸಾಬ್ ನನ್ನ ಮುಖ ನೋಡಿದ.

"ಹೂಂ ಅಪ್ಪಾ. ನಾನಽ ಹಿಡದಿದ್ದೆ" ಎಂದೆ.

ಅಂದೇ ಹೊರಟೆವು. ದಾರಿಯಲ್ಲಿ ಗಾಡಿ ನಿಂತಾಗ, ಅಪ್ಪನಿಗೆ ಕೇಳದಂತೆ, ಲಾಲಸಾಬನಿಗೆ ಕಲ್ಲಿನ ವಿಷಯ ಹೇಳಿದೆ. "ಗೊತ್ತಿತ್ರಿ" ಎಂದಷ್ಟೇ ಅಂದ. ಗಾಡಿಯ ಭಾರ ಈಗ ಹೇಗಿದೆ ಎಂದು ನಾನು ಕೇಳಲಿಲ್ಲ, ಅವನಾಗಿ ಹೇಳಲಿಲ್ಲ. ಎರಡು ದಿನದ ದಾರಿಯುದ್ದಕ್ಕೂ ಅಪ್ಪ ಒಂದು ಬಾಗಿಲಿಗೆ, ನಾನು ಇನ್ನೊಂದು ಬಾಗಿಲಿಗೆ ಒತ್ತಿಕೊಂಡೇ ಕುಳಿತೆವು. ಸಿಂದಗಿಯಲ್ಲಿ ಅವ್ವ ಅಪ್ಪನ ಮುಖ, ಕೈ, ಎದೆ ಎಲ್ಲ ಮುಟ್ಟಿ ನೋಡಿದಳು. ಅವಳಿಗೆ ನಾನು ಸತ್ಯ ಹೇಳಲಿಲ್ಲ, ಅವಳು ಇರುವತನಕವೂ.

ಅಪ್ಪ ಮತ್ತೆ ಹನ್ನೊಂದು ವರ್ಷ ಬದುಕಿದರು. ಮನೆಗೆ ಬಂದವರಿಗೆಲ್ಲ, ಸಮುದ್ರದಲ್ಲಿ ಮಗಳು ಕೈ ಹಿಡಿದು ನಿಲ್ಲಿಸಿದ್ದಕ್ಕೆ ತಾವು ಉಳಿದದ್ದು ಎಂದು ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಏನಾದರೂ ಕೆಲಸದ ನೆಪ ಮಾಡಿ ಒಳಗೆ ಹೋಗುತ್ತಿದ್ದೆ. ನನ್ನ ಮಕ್ಕಳು ಸೈಕಾಲಜಿ ಓದಿದವರು. ಅಜ್ಜ ನಿದ್ದೆಯಲ್ಲಿ ನಡೆದಿರಬೇಕು, ಹೆಜ್ಜೆ ಯಾರೋ ಮೀನುಗಾರನದಿರಬೇಕು, ಉಳಿದದ್ದು ನಿನ್ನ ಗಿಲ್ಟ್ ಎನ್ನುತ್ತಾರೆ. ಮೇ ಬಿ. ವಾದ ಮಾಡುವುದಿಲ್ಲ.

ಆದರೆ ಅಪ್ಪನ ಕೊನೆಯ ಮಧ್ಯಾಹ್ನ ನಾನೊಬ್ಬಳೇ ಅವರ ಹತ್ತಿರ ಇದ್ದೆ. ಪೂರ್ತಿ ಎಚ್ಚರವಿತ್ತು, ಮಾತು ಸ್ಪಷ್ಟವಿತ್ತು. ಬಲ ಮೊಣಕೈ ನನ್ನ ಕಡೆಗೆ ಚಾಚಿ, "ಹಿಡಿ. ಅವತ್ತು ಹಿಡದಿದ್ದೆಲ್ಲ, ಹಂಗ" ಎಂದರು. ಹಿಡಿದೆ. ನನ್ನ ಶಕ್ತಿ ಇದ್ದಷ್ಟು ಗಟ್ಟಿಯಾಗಿ ಹಿಡಿದೆ. ಅಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ತಲೆಯಾಡಿಸಿದರು.

"ಇದಲ್ಲ" ಎಂದರು. "ಆ ಕೈ ಇದಲ್ಲ."

ಇನ್ನೂ ಒಂದು ತಾಸು ಅವರು ಇದ್ದರು. ಅಂದು ನೀರಿನಲ್ಲಿ ಆ ಕೈ ಅವರನ್ನು ದಂಡೆಯ ಕಡೆ ಎಳೆಯುತ್ತಿತ್ತೋ, ಒಳಗೆ ಎಳೆಯುತ್ತಿತ್ತೋ ಎಂದು ಕೇಳಲು ಸಮಯವಿತ್ತು. ನಾನು ಕೇಳಲಿಲ್ಲ.